‘ನಾಳೆ ಬಾ’ ಎಂದ ಕಾರು

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಫೋನಿನ ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಫ್ಯಾನಿನ ಸದ್ದು, ನನ್ನ ಕೆಮ್ಮು ಎರಡನ್ನೂ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಮೂವತ್ತೈದು ವರ್ಷ ಬೇರೆಯವರ ಲೆಕ್ಕಪುಸ್ತಕ ತಿರುವಿಹಾಕಿದ ಆಡಿಟರ್. ಕಾರಿನ ಬಾನೆಟ್ ಎತ್ತಿದರೆ ನನಗೆ ಗುರುತು ಸಿಗುವುದು ನೀರು ಹಾಕುವ ಜಾಗ ಒಂದೇ. ಅಮೆರಿಕದಲ್ಲಿ ಅಳಿಯ ತನ್ನ ಟೆಸ್ಲಾ ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿ ತೋರಿಸಿದಾಗ ಅದೂ ಕೈಕೊಟ್ಟಿತು. ಒಳಗೆ ಎಂಜಿನ್ನೇ ಇಲ್ಲ. ತರಕಾರಿ ಚೀಲ ಇಡುವುದಕ್ಕೆ ಇನ್ನೊಂದು ಡಿಕ್ಕಿ ಇದೆ!

ಹೋದ ವರ್ಷ ನಾನೂ ನನ್ನ ಹೆಂಡತಿಯೂ ಐದು ತಿಂಗಳು ಮಗಳ ಮನೆಯಲ್ಲಿದ್ದೆವು. ಊರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಟೆಸ್ಲಾದ ದೊಡ್ಡ ಕಾರ್ಖಾನೆ ಇರುವುದು ಅಲ್ಲೇ. ಒಂದು ಕಾಲಕ್ಕೆ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಜೊತೆಯಾಗಿ ನಡೆಸುತ್ತಿದ್ದ ಕಾರ್ಖಾನೆ, 2010ರಲ್ಲಿ ಟೆಸ್ಲಾ ಕೈಗೆ ಬಂತು. ಶನಿವಾರ ಸಂಜೆ ಅಳಿಯನ ಸ್ನೇಹಿತರು ಮನೆಗೆ ಬರುತ್ತಿದ್ದರು. ಅರ್ಧಕ್ಕರ್ಧ ಕನ್ನಡದವರೇ. ಬಿಸಿಬೇಳೆ ಬಾತ್ ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಮಾತು ಒಂದೇ ಕಡೆ ತಿರುಗುತ್ತಿತ್ತು. ಎಫ್‌ಎಸ್‌ಡಿ. ಅಂದರೆ ಫುಲ್ ಸೆಲ್ಫ್ ಡ್ರೈವಿಂಗ್, ಕಾರು ತಾನೇ ಪೂರ್ತಿಯಾಗಿ ಓಡಿಸಿಕೊಳ್ಳುವುದು. ಕಾರಿನ ಬೆಲೆಯ ಮೇಲೆ ಬೇರೆ ದುಡ್ಡು ಕಟ್ಟಿಸಿಕೊಂಡು ಟೆಸ್ಲಾ ಮಾರುತ್ತಿದ್ದ ಸಾಫ್ಟ್‌ವೇರ್. ಕೊಂಡದ್ದು ಸರಿಯೋ ತಪ್ಪೋ, ಬೆಲೆ ಜಾಸ್ತಿಯೋ ಕಮ್ಮಿಯೋ, ಕೊಡುತ್ತೇನೆ ಅಂದದ್ದನ್ನು ಕೊಟ್ಟರೋ ಇಲ್ಲವೋ. ರಾತ್ರಿ ಹನ್ನೊಂದಾದರೂ ಜಗಳ ಮುಗಿಯುತ್ತಿರಲಿಲ್ಲ. ಜಗಳ ಅಂದರೆ ಪ್ರೀತಿಯ ಜಗಳ, ಕ್ರಿಕೆಟ್ ಜಗಳದ ಹಾಗೆ.

ನಾನು ಮೂಲೆಯ ಸೋಫಾದಲ್ಲಿ ಕೂತು ಕೇಳುತ್ತಿದ್ದೆ. ಮೂರನೇ ಶನಿವಾರಕ್ಕೆ ತಡೆಯಲಾಗಲಿಲ್ಲ. “ಏನು ಕೊಂಡಿರಿ ಅಂತ ಕಾಗದದಲ್ಲಿ ಏನು ಬರೆದಿದೆ?” ಅಂತ ಕೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಇವತ್ತಿನ ನನ್ನ ಮಾತು ಅಲ್ಲಿಂದ ಹುಟ್ಟಿದ್ದು.

ಇಲ್ಲಿ ಐವತ್ತು ದಾಟಿದವರಿಗೆಲ್ಲ ‘ನಾಳೆ ಬಾ’ ನೆನಪಿರಬೇಕು. ತೊಂಬತ್ತರ ದಶಕ. ರಾತ್ರಿ ಹೊತ್ತು ಒಂದು ದೆವ್ವ ಬಂದು ಗುರುತಿನವರ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದವರು ಕೆಟ್ಟರು ಅಂತ ಗಾಳಿಸುದ್ದಿ. ಜನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದರು. ದೆವ್ವ ಓದುತ್ತದೆ, ವಾಪಸ್ ಹೋಗುತ್ತದೆ. ಮಾರನೇ ದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ನಮ್ಮ ಜನರ ಬುದ್ಧಿವಂತಿಕೆ ನೋಡಿ. ‘ಬರಬೇಡ’ ಅಂತ ಬರೆಯಲಿಲ್ಲ. ಹಾಗೆ ಬರೆದಿದ್ದರೆ ದೆವ್ವಕ್ಕೆ ಸಿಟ್ಟು ಬರುತ್ತಿತ್ತು. ‘ನಾಳೆ’ ಅಂದರೆ ಆಸೆ ಉಳಿಯುತ್ತದೆ.

ಈಗ 2016ಕ್ಕೆ ಬನ್ನಿ. ಆ ವರ್ಷ ಅಕ್ಟೋಬರ್‌ನಲ್ಲಿ ಟೆಸ್ಲಾ ಒಂದು ಪ್ರಕಟಣೆ ಕೊಟ್ಟಿತು. ಇನ್ನು ಮೇಲೆ ನಾವು ಮಾಡುವ ಪ್ರತಿ ಕಾರಿನಲ್ಲೂ ಪೂರ್ತಿ ಸ್ವಯಂಚಾಲನೆಗೆ ಬೇಕಾದ ಹಾರ್ಡ್‌ವೇರ್ ಇರುತ್ತದೆ ಅಂತ. ಎಂಟು ಕ್ಯಾಮೆರಾ, ಹನ್ನೆರಡು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ರಾಡಾರ್, ಒಂದು ಕಂಪ್ಯೂಟರ್. ಕೊಳ್ಳುವವರ ಮುಂದೆ ಎರಡು ಆಯ್ಕೆ. ಹೆದ್ದಾರಿಯಲ್ಲಿ ನೆರವಾಗುವ ಎನ್‌ಹಾನ್ಸ್ಡ್ ಆಟೋಪೈಲಟ್‌ಗೆ 5,000 ಡಾಲರ್. ಅದರ ಮೇಲೆ ಇನ್ನೂ 3,000 ಕೊಟ್ಟರೆ ಫುಲ್ ಸೆಲ್ಫ್ ಡ್ರೈವಿಂಗ್ ‘ಕೇಪಬಿಲಿಟಿ’. ಕಾರಿನಲ್ಲಿ ಕೂತು ಎಲ್ಲಿಗೆ ಹೋಗಬೇಕು ಅಂತ ಹೇಳಿದರೆ ಸಾಕು ಎಂಬ ಅರ್ಥದ ಸಾಲು ಕೊಳ್ಳುವ ಪುಟದಲ್ಲೇ ಇತ್ತು. ಕೆಳಗೆ ಇನ್ನೊಂದು ಸಾಲು. ಇದು ಸಾಫ್ಟ್‌ವೇರ್ ಪರೀಕ್ಷೆಯ ಮೇಲೆ, ಸರ್ಕಾರದ ಒಪ್ಪಿಗೆಯ ಮೇಲೆ ನಿಂತಿದೆ ಅಂತ.

ನಾನು ತಡೆದು ನಿಂತದ್ದು ಆ ‘ಕೇಪಬಿಲಿಟಿ’ ಎಂಬ ಪದದ ಮೇಲೆ. ಸಾಮರ್ಥ್ಯ. ಮಾರಿದ್ದು ಓಡಿಸುವುದನ್ನಲ್ಲ, ಓಡಿಸಬಲ್ಲದು ಎಂಬುದನ್ನು. ನಿಮ್ಮ ಮೊಮ್ಮಗನಿಗೆ ಐಎಎಸ್ ಪಾಸು ಮಾಡುವ ಸಾಮರ್ಥ್ಯ ಇದೆ ಅಂತ ಟ್ಯೂಷನ್ ಮೇಷ್ಟ್ರು ಹೇಳಿದರೆ ನೀವು ಅವರನ್ನು ಯಾವ ಕೋರ್ಟಿಗೆ ಎಳೆಯುತ್ತೀರಿ?

ಅದೇ ಹೊತ್ತಿಗೆ ಟೆಸ್ಲಾದ ಒಂದು ವಿಡಿಯೋ ಬಂತು. ಕಾರು ಮನೆಯಿಂದ ಹೊರಟು ಕಚೇರಿಗೆ ಹೋಗಿ ತಾನೇ ಪಾರ್ಕ್ ಮಾಡಿಕೊಳ್ಳುತ್ತದೆ. ಚಾಲಕನ ಸೀಟಿನಲ್ಲಿ ಕೂತಿರುವವರು ಕಾನೂನಿನ ಸಲುವಾಗಿ ಮಾತ್ರ ಇದ್ದಾರೆ ಅಂತ ಅದರಲ್ಲಿ ಬರೆದಿತ್ತು. ಆರು ವರ್ಷದ ಮೇಲೆ ಕಂಪನಿಯ ಆಟೋಪೈಲಟ್ ವಿಭಾಗದ ಮುಖ್ಯಸ್ಥ ಅಶೋಕ್ ಎಲ್ಲುಸ್ವಾಮಿ ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದರು. ಆ ದಾರಿಯ ನಕ್ಷೆಯನ್ನು ಮೊದಲೇ ತಯಾರು ಮಾಡಿಕೊಂಡಿದ್ದರಂತೆ. ಚಿತ್ರೀಕರಣದ ಓಡಾಟಗಳಲ್ಲಿ ಚಾಲಕರು ನಡುವೆ ಕೈಹಾಕಿದ್ದರಂತೆ. ಆ ವಿಡಿಯೋ ತೋರಿಸಿದ್ದು ಆಗ ಗ್ರಾಹಕರ ಕಾರಿನಲ್ಲಿ ಇದ್ದದ್ದನ್ನಲ್ಲ, ಮುಂದೆ ಆಗಬಹುದಾದದ್ದನ್ನು.

2017ರ ಕೊನೆಯೊಳಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಕಾರು ತಾನೇ ಹೋಗುತ್ತದೆ ಅಂತ ಟೆಸ್ಲಾದ ಮುಖ್ಯಸ್ಥ ಈಲಾನ್ ಮಸ್ಕ್ ಹೇಳಿದ್ದರು. ಹೋಗಲಿಲ್ಲ. 2019ರ ಏಪ್ರಿಲ್‌ನಲ್ಲಿ, ಮುಂದಿನ ವರ್ಷ ಹತ್ತು ಲಕ್ಷಕ್ಕೂ ಜಾಸ್ತಿ ರೋಬೋಟ್ಯಾಕ್ಸಿ, ಅಂದರೆ ಚಾಲಕರಿಲ್ಲದ ಟ್ಯಾಕ್ಸಿ, ರಸ್ತೆಯಲ್ಲಿರುತ್ತವೆ ಅಂದರು. ನೀವು ಮನೆಯಲ್ಲಿ ಮಲಗಿದ್ದಾಗ ನಿಮ್ಮ ಕಾರು ಬಾಡಿಗೆಗೆ ಹೋಗಿ ದುಡಿದುಕೊಂಡು ಬರುತ್ತದೆ ಎಂಬ ಲೆಕ್ಕ. 2020 ಬಂತು. ಆ ವರ್ಷ ರಸ್ತೆಯಲ್ಲಿ ಮನುಷ್ಯರೇ ಇರಲಿಲ್ಲ, ಅದು ಬೇರೆ ಮಾತು. ಕೊನೆಗೆ 2025ರ ಜೂನ್‌ನಲ್ಲಿ ಟೆಕ್ಸಾಸ್‌ನ ಆಸ್ಟಿನ್ ಊರಿನಲ್ಲಿ ಕೆಲವೇ ಕಾರುಗಳೊಂದಿಗೆ ರೋಬೋಟ್ಯಾಕ್ಸಿ ಶುರುವಾಯಿತು. ಚಾಲಕನ ಪಕ್ಕದ ಸೀಟಿನಲ್ಲಿ ಕಂಪನಿಯ ಒಬ್ಬರು ಕಾವಲಿಗೆ ಕೂತಿರುತ್ತಿದ್ದರು. ಅವೂ ಕಂಪನಿಯ ಕಾರುಗಳು. ಮಾಲೀಕರ ಮನೆ ಮುಂದೆ ನಿಂತ ಕಾರು ದುಡಿಯಲು ಹೋಗಲಿಲ್ಲ.

ಹಾಗಂತ ಇದೆಲ್ಲ ಬರೀ ಬೊಗಳೆ ಅಂದುಕೊಳ್ಳಬೇಡಿ. ನಾನು ಅದರಲ್ಲಿ ಕೂತಿದ್ದೇನೆ. ಲಿವರ್‌ಮೋರ್‌ನಲ್ಲಿ ಶಿವ ವಿಷ್ಣು ದೇವಸ್ಥಾನ ಇದೆ. ಒಂದು ಬೆಳಿಗ್ಗೆ ಫ್ರೀಮಾಂಟ್‌ನಿಂದ ಅಲ್ಲಿಗೆ ಹೊರಟೆವು. ಅಳಿಯ ಪರದೆಯಲ್ಲಿ ದೇವಸ್ಥಾನದ ಹೆಸರು ಒತ್ತಿದ, ಕೈ ಮಡಿಲಲ್ಲಿ ಇಟ್ಟುಕೊಂಡ. ಕಾರು ಗಲ್ಲಿಯಿಂದ ಹೊರಟಿತು. ಸ್ಟಾಪ್ ಬೋರ್ಡಿನಲ್ಲಿ ನಿಂತಿತು, ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಿತು, 680ರ ಹೆದ್ದಾರಿ ಹತ್ತಿತು, ಲಾರಿ ಸಿಕ್ಕಿದಾಗ ಲೇನ್ ಬದಲಾಯಿಸಿತು. ಸ್ಟೇರಿಂಗ್ ತಾನೇ ತಿರುಗುವುದು ನೋಡಿದರೆ ಮೊದಲ ಹತ್ತು ನಿಮಿಷ ಮೈ ಜುಂ ಅನ್ನುತ್ತದೆ. ನನ್ನ ಹೆಂಡತಿ ಹನುಮಾನ್ ಚಾಲೀಸಾ ಎರಡು ಸಲ ಮುಗಿಸಿದಳು. ಆಮೇಲೆ ಅಭ್ಯಾಸವಾಗಿ ನಿದ್ದೆ ಹೋದಳು.

ನಿದ್ದೆ ಹೋಗುವ ಹಾಗಿಲ್ಲದಿದ್ದದ್ದು ಅಳಿಯ ಒಬ್ಬನೇ. ಒಳಗಿನ ಕ್ಯಾಮೆರಾ ಅವನ ಕಣ್ಣನ್ನೇ ನೋಡುತ್ತಿರುತ್ತದೆ. ಅವನು ಫೋನ್ ನೋಡಿದರೆ ಕಾರು ಗದರುತ್ತದೆ. ರಸ್ತೆ ನೋಡು, ರಸ್ತೆ ನೋಡು! ಕಾರು ಓಡಿಸುವುದು ಯಂತ್ರ, ಬೈಸಿಕೊಳ್ಳುವುದು ಮನುಷ್ಯ.

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಸ್ವಯಂಚಾಲನೆಗೆ ಸೊನ್ನೆಯಿಂದ ಐದರವರೆಗೆ ಮಟ್ಟಗಳಿವೆ. ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಮಾಡಿದ ವಿಂಗಡಣೆ. ಎರಡನೇ ಮಟ್ಟ ಅಂದರೆ ಯಂತ್ರ ಎಷ್ಟೇ ಚೆನ್ನಾಗಿ ಓಡಿಸಲಿ, ಚಾಲಕ ನೀವೇ, ಜವಾಬ್ದಾರಿ ನಿಮ್ಮದೇ. ನಾಲ್ಕನೇ ಮಟ್ಟ ಅಂದರೆ ಗೊತ್ತುಮಾಡಿದ ಊರು ರಸ್ತೆಗಳಲ್ಲಿ ಮನುಷ್ಯ ಬೇಕಾಗಿಯೇ ಇಲ್ಲ. ಮಾಲೀಕರು ಕೊಂಡ ಎಫ್‌ಎಸ್‌ಡಿ ಎರಡನೇ ಮಟ್ಟದ್ದು. 2024ರಲ್ಲಿ ಕಂಪನಿಯೇ ಹೆಸರಿನ ಪಕ್ಕ ‘ಸೂಪರ್‌ವೈಸ್ಡ್’ ಎಂಬ ಪದ ಸೇರಿಸಿತು. ಮೇಲ್ವಿಚಾರಣೆಯಲ್ಲಿ ತಾನೇ ಪೂರ್ತಿ ಓಡಿಸಿಕೊಳ್ಳುವುದು. ಒಬ್ಬರು ಹಿಡಿದುಕೊಂಡರೆ ತಾನೇ ನಡೆಯುವ ಮಗು ಅನ್ನುವ ಹಾಗೆ.

ಆದರೆ ಮಗು ಚೆನ್ನಾಗಿ ನಡೆಯುತ್ತಿದೆ, ಅದನ್ನು ಒಪ್ಪಬೇಕು. 2024ರ ಆರಂಭದಲ್ಲಿ ಬಂದ ಹನ್ನೆರಡನೇ ಆವೃತ್ತಿಯಲ್ಲಿ ಅವರು ದೊಡ್ಡ ಬದಲಾವಣೆ ಮಾಡಿದರು. ಅದಕ್ಕೆ ಮೊದಲು ಎಂಜಿನಿಯರುಗಳು ಕೂತು ಒಂದೊಂದೇ ನಿಯಮ ಬರೆಯುತ್ತಿದ್ದರು. ಹೀಗಾದರೆ ಹೀಗೆ ಮಾಡು ಅಂತ. ಈಗ ಆ ಬರೆದ ನಿಯಮಗಳ ಬದಲು, ಜನ ಓಡಿಸಿದ ಲೆಕ್ಕವಿಲ್ಲದಷ್ಟು ವಿಡಿಯೋಗಳನ್ನು ನೋಡಿ ಯಂತ್ರವೇ ಕಲಿಯುತ್ತದೆ. ಶನಿವಾರದ ಸಭೆಯಲ್ಲಿ ಒಂದು ಗುಂಪಿನ ವಾದ ಇದೇ. “ಅಂಕಲ್, ತಡ ಆಯ್ತು, ಒಪ್ಕೊಳ್ತೀವಿ. ಆದ್ರೆ ಬೇರೆ ಯಾವ ಕಾರು ನಿಮ್ಮನ್ನ ಮನೆ ಬಾಗಿಲಿಂದ ದೇವಸ್ಥಾನದ ಬಾಗಿಲಿಗೆ ಹೀಗೆ ಕರ್ಕೊಂಡು ಹೋಗುತ್ತೆ?” ಇನ್ನೊಂದು ಗುಂಪು ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. ಚೆನ್ನಾಗಿ ಓಡಿಸುತ್ತದೆ, ಸರಿ. ನಾವು ದುಡ್ಡು ಕೊಟ್ಟದ್ದು ಇದಕ್ಕಾ?

ಈಗ ನನ್ನ ಇಷ್ಟದ ಜಾಗಕ್ಕೆ ಬರುತ್ತೇನೆ. ಬೆಲೆ.

ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸಾಮಾನು ವರ್ಷ ಕಳೆದ ಹಾಗೆ ಅಗ್ಗವಾಗುತ್ತದೆ. ಇದು ಉಲ್ಟಾ ಹೋಯಿತು. 2019ರಲ್ಲಿ ಸಾದಾ ಆಟೋಪೈಲಟ್ ಕಾರಿನ ಜೊತೆಗೇ ಬರತೊಡಗಿತು, ಎಫ್‌ಎಸ್‌ಡಿಗೆ ಮಾತ್ರ ಬೇರೆ ದುಡ್ಡು. ಆ ವರ್ಷ ಮೇ ತಿಂಗಳಲ್ಲಿ 6,000 ಡಾಲರ್, ನವೆಂಬರ್‌ಗೆ 7,000. ಮುಂದಿನ ಜುಲೈಗೆ 8,000, ಅಕ್ಟೋಬರ್‌ಗೆ 10,000. 2022ರ ಜನವರಿಗೆ 12,000, ಸೆಪ್ಟೆಂಬರ್‌ಗೆ 15,000. ಪ್ರತಿ ಸಲವೂ ಮೊದಲೇ ಸೂಚನೆ. ಬೆಲೆ ಏರಲಿದೆ, ಈಗಲೇ ತೆಗೆದುಕೊಳ್ಳಿ. ಇದರ ನಿಜವಾದ ಬೆಲೆ ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಇರಬಹುದು ಅಂತ 2020ರಲ್ಲಿ ಮಸ್ಕ್ ಬರೆದಿದ್ದರು.

ಇದು ನಮಗೆ ಚೆನ್ನಾಗಿ ಗೊತ್ತಿರುವ ಆಟ ಅಲ್ವಾ? ರಿಂಗ್ ರೋಡಿನಾಚೆ ಸೈಟು ಮಾರುವವರು ಹೇಳುವುದೂ ಇದನ್ನೇ. ಸಾರ್, ಈಗ ಇಷ್ಟು, ಯುಗಾದಿ ಆದಮೇಲೆ ಇಷ್ಟು, ಮುಂದೆ ರಸ್ತೆ ಬರುತ್ತೆ. ಬೆಲೆ ಏರುತ್ತಿರುವುದೇ ಮಾಲು ಒಳ್ಳೆಯದು ಎಂಬುದಕ್ಕೆ ಸಾಕ್ಷಿ ಆಗಿಬಿಡುತ್ತದೆ. ವ್ಯತ್ಯಾಸ ಒಂದೇ. ಸೈಟಿನ ಬೆಲೆ ನಾಲ್ಕು ಜನ ಸೇರಿ ಏರಿಸುತ್ತಾರೆ. ಇಲ್ಲಿ ಮಾರುವವರೊಬ್ಬರೇ ಏರಿಸಿದರು. ಆಮೇಲೆ ಅವರೇ ಇಳಿಸಿದರು. 2023ರ ಸೆಪ್ಟೆಂಬರ್‌ನಲ್ಲಿ 12,000. 2024ರ ಏಪ್ರಿಲ್‌ನಲ್ಲಿ 8,000. 15,000 ಕೊಟ್ಟವರ ಹೊಟ್ಟೆ ಎಷ್ಟು ಉರಿದಿರಬೇಡ. ಒಂದೂವರೆ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ.

ಹಾಗೆ ನೋಡಿದರೆ ಮೊದಲ ಏಟು ಬಿದ್ದದ್ದು 2019ರಲ್ಲೇ. ಆಗ ಕೆಲವು ವಾರ ಹಳೇ ಮಾಲೀಕರಿಗೆ ಎಫ್‌ಎಸ್‌ಡಿಯನ್ನು 2,000 ಡಾಲರ್‌ಗೆ ಕೊಟ್ಟರು. ನಂಬಿ ಮೊದಲೇ 3,000 ಕೊಟ್ಟವರು ಪೆಚ್ಚಾದರು. ನಂಬದೆ ಕಾದವನಿಗೆ ಲಾಭ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅಂತ ನಮ್ಮಜ್ಜಿ ಸುಮ್ನೆ ಹೇಳುತ್ತಿರಲಿಲ್ಲ.

ನನಗೆ ತುಂಬಾ ರುಚಿಸಿದ್ದು ಮಾತ್ರ ಪರೀಕ್ಷೆಯ ಪ್ರಸಂಗ. ಊರೊಳಗಿನ ರಸ್ತೆಯಲ್ಲಿ ಓಡುವ ಬೀಟಾ ಆವೃತ್ತಿ, ಅಂದರೆ ಇನ್ನೂ ಪರೀಕ್ಷೆಯ ಹಂತದಲ್ಲಿದ್ದದ್ದು, 2020ರ ಅಕ್ಟೋಬರ್‌ನಲ್ಲಿ ಬೆರಳೆಣಿಕೆಯ ಜನರಿಗೆ ಸಿಕ್ಕಿತು. ಮಿಕ್ಕವರು ದುಡ್ಡು ಕಟ್ಟಿ ಕಾಯುತ್ತಿದ್ದರು. ಒಂದು ವರ್ಷ ಆದಮೇಲೆ ಅವರಿಗೆ ಹೇಳಿದರು, ಕೊಡುತ್ತೇವೆ, ಆದರೆ ಮೊದಲು ನೀವು ಚೆನ್ನಾಗಿ ಓಡಿಸುತ್ತೀರಾ ಅಂತ ನೋಡಬೇಕು. ಸೇಫ್ಟಿ ಸ್ಕೋರ್! ಗಕ್ಕನೆ ಬ್ರೇಕ್ ಹಾಕಿದರೆ ಅಂಕ ಕಡಿತ. ಜೋರಾಗಿ ತಿರುಗಿಸಿದರೆ ಕಡಿತ. ಮುಂದಿನ ಕಾರಿಗೆ ಹತ್ತಿರ ಹೋದರೆ ಕಡಿತ. ಮೊದಲ ಸರದಿ ನೂರಕ್ಕೆ ನೂರು ತೆಗೆದವರಿಗೆ. ಹಳದಿ ದೀಪ ಕಂಡಾಗ ಬ್ರೇಕ್ ಹಾಕಿದರೆ ಅಂಕ ಹೋಗುತ್ತದಲ್ಲ ಅಂತ ದಾಟಿಕೊಂಡೇ ಹೋಗುವವರೂ ಹುಟ್ಟಿಕೊಂಡರು. ಹತ್ತು ಸಾವಿರ ಡಾಲರ್ ಕಟ್ಟಿದವನು, ತನ್ನ ಬದಲು ಓಡಿಸಲಿ ಅಂತ ಯಂತ್ರ ಕೊಂಡವನು, ನಾನು ಚೆನ್ನಾಗಿ ಓಡಿಸುತ್ತೇನೆ ಅಂತ ಅದೇ ಯಂತ್ರದ ಮುಂದೆ ಪರೀಕ್ಷೆ ಬರೆಯಬೇಕು. ಅಡುಗೆಯವರನ್ನು ಇಟ್ಟುಕೊಂಡವರ ಹತ್ತಿರ, ಮೊದಲು ನೀವು ಸಾರು ಮಾಡಿ ತೋರಿಸಿ ಅಂದ ಹಾಗೆ. ಅದಕ್ಕೊಂದು ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ಯಂತ್ರ ತಪ್ಪಿದಾಗ ಹಿಡಿಯುವವನು ಎಚ್ಚರ ಇರಬೇಕು. ಆದರೆ ಕೊಳ್ಳುವ ದಿನ ಯಾರೂ ಅದನ್ನು ಹೇಳಿರಲಿಲ್ಲ.

2022ರ ನವೆಂಬರ್‌ನಲ್ಲಿ ಪರೀಕ್ಷೆ ತೆಗೆದುಹಾಕಿ, ಉತ್ತರ ಅಮೆರಿಕದಲ್ಲಿ ಕೊಂಡವರೆಲ್ಲರಿಗೂ ಬೀಟಾ ಕೊಟ್ಟರು. ಆಗ ಒಂದು ಚೆಂದದ ಸಂಗತಿ ನಡೆಯಿತು. ಪತ್ರಿಕೆಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ, ಲೆಕ್ಕದವನಿಗೆ ಮಾತ್ರ ಅದೇ ಮುಖ್ಯ.

ಟೈಲರ್ ನಿಮ್ಮಿಂದ ಅಂಗಿಗೆ ಐನೂರು ರೂಪಾಯಿ ಮುಂಗಡ ಇಸ್ಕೊಂಡ ಅಂತಿಟ್ಟುಕೊಳ್ಳಿ. ಆ ಐನೂರು ಅವನ ಆದಾಯವಾ? ಅಲ್ಲ. ಅಂಗಿ ಕೊಡುವ ತನಕ ಅದು ಅವನ ತಲೆ ಮೇಲಿನ ಸಾಲ. ಲೆಕ್ಕದಲ್ಲಿ ಸಾಲದ ಕಡೆಯೇ ಬರೆಯಬೇಕು. ಟೆಸ್ಲಾ ಕೂಡ ಹಾಗೇ ಬರೆದಿತ್ತು. ಎಫ್‌ಎಸ್‌ಡಿಗೆ ಬಂದ ದುಡ್ಡಿನಲ್ಲಿ ಒಂದು ಪಾಲನ್ನು, ಇನ್ನೂ ತಲುಪಿಸಿಲ್ಲದ ಮಾಲಿನ ಹಣ ಅಂತ ಬೇರೆ ಇಟ್ಟಿತ್ತು. ಬೀಟಾ ಎಲ್ಲರಿಗೂ ಸಿಕ್ಕಿದ ಆ ತ್ರೈಮಾಸಿಕದಲ್ಲಿ ಅದರಿಂದ 32.4 ಕೋಟಿ ಡಾಲರ್ ತೆಗೆದು ಆದಾಯಕ್ಕೆ ಹಾಕಿಕೊಂಡಿತು. ಅಂಗಿಗೆ ಒಂದು ತೋಳು ಹೊಲಿದಾಯಿತು ಅಂತ ಲೆಕ್ಕ. ವೇದಿಕೆ ಮೇಲೆ ಯಾರು ಏನೇ ಹೇಳಲಿ, ಆಡಿಟರ್ ಮುಂದೆ ಕಂಪನಿ ತಾನು ಕೊಡಬೇಕಾದದ್ದು ಬಾಕಿ ಇದೆ ಅಂತ ವರ್ಷವರ್ಷ ಒಪ್ಪಿಕೊಳ್ಳುತ್ತಲೇ ಇತ್ತು. ಇದನ್ನು ಹೇಳಿದಾಗ ಶನಿವಾರದ ಎರಡೂ ಗುಂಪು ನನ್ನ ಕಡೆ ತಿರುಗಿ ನೋಡಿದವು. ಅಳಿಯನ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಗಳಲ್ಲಿ ಅದೇ ದೊಡ್ಡದು.

ಈಗ ಕಾರಿನ ವಯಸ್ಸಿನ ವಿಷಯ. ಬಾಕಿ ಎಷ್ಟು ದಿನ ಬೇಕಾದರೂ ಪುಸ್ತಕದಲ್ಲಿ ಕೂತಿರಬಹುದು. ಅದರಲ್ಲಿ ಟೈರ್ ಸವೆಯುವುದಿಲ್ಲ, ಬ್ಯಾಟರಿ ಇಳಿಯುವುದಿಲ್ಲ. ಕಾರು ಹಾಗಲ್ಲ. 2017ರಲ್ಲಿ ಕೊಂಡ ಕಾರನ್ನು ಜನ ಐದಾರು ವರ್ಷ ಓಡಿಸಿ ಮಾರುತ್ತಾರೆ. ಆದರೆ ಎಫ್‌ಎಸ್‌ಡಿಯ ಭರವಸೆ ಕಾರಿಗೆ ಅಂಟಿಕೊಂಡದ್ದು, ಕೊಂಡವನಿಗಲ್ಲ. ಕಾರು ಮಾರಿದರೆ ಕೊಟ್ಟ ಸಾವಿರಾರು ಡಾಲರ್‌ನ ಭರವಸೆಯೂ ಕಾರಿನ ಜೊತೆ ಹೋಯಿತು. ಹೊಸ ಟೆಸ್ಲಾ ಕೊಂಡರೆ ಮತ್ತೆ ಮೊದಲಿಂದ ಕಟ್ಟಬೇಕಾಗಿತ್ತು. ಹಳೇ ಕಾರಿನಿಂದ ಹೊಸದಕ್ಕೆ ವರ್ಗಾಯಿಸಿ ಅಂತ ಮಾಲೀಕರು ವರ್ಷಗಟ್ಟಲೆ ಕೇಳಿದರು. 2023ರ ಜುಲೈನಲ್ಲಿ ಮಸ್ಕ್ ಒಂದೇ ಒಂದು ಸಲ ಅಂತ ಹೇಳಿ ಅವಕಾಶ ಕೊಟ್ಟರು. ಆಮೇಲೆ, ಕಾರಿನ ಮಾರಾಟ ಬೇಕಾದಾಗ, ಆ ‘ಒಂದೇ ಸಲ’ ಮತ್ತೆಯೂ ಬಂತು.

ಹಾರ್ಡ್‌ವೇರ್ ಕಥೆಯೂ ಇದೇ. ಬೇಕಾದದ್ದೆಲ್ಲ ಕಾರಿನಲ್ಲಿದೆ ಅಂದದ್ದು 2016ರಲ್ಲಿ. 2019ರಲ್ಲಿ ಹೊಸ ಕಂಪ್ಯೂಟರ್ ಬಂತು, ಹಾರ್ಡ್‌ವೇರ್ 3. ಎಫ್‌ಎಸ್‌ಡಿ ಕೊಂಡವರಿಗೆ ಪುಕ್ಕಟೆ ಬದಲಾಯಿಸಿಕೊಟ್ಟರು, ಅದನ್ನು ಹೇಳಲೇಬೇಕು. 2021ರ ಜುಲೈನಲ್ಲಿ ಎಫ್‌ಎಸ್‌ಡಿಗೆ ತಿಂಗಳ ಚಂದಾ ಶುರುವಾದಾಗ, ಹಳೇ ಕಂಪ್ಯೂಟರ್ ಇದ್ದವರು ಚಂದಾದಾರರಾಗಬೇಕಾದರೆ ಹೊಸ ಕಂಪ್ಯೂಟರಿಗೆ 1,500 ಡಾಲರ್ ಕೊಡಬೇಕು ಅಂದರು. ಎಲ್ಲಾ ಇದೆ ಅಂತ ಮಾರಿದ್ದು ನೀವೇ ಅಲ್ವಾ ಅಂತ ಜನ ಎದ್ದುನಿಂತರು. 1,000ಕ್ಕೆ ಇಳಿಯಿತು. 2023ರಲ್ಲಿ ಹಾರ್ಡ್‌ವೇರ್ 4 ಬಂತು. ಆಮೇಲೆ ಸಾಫ್ಟ್‌ವೇರಿನ ಹೊಸ ಆವೃತ್ತಿಗಳು ಮೊದಲು ಹಾರ್ಡ್‌ವೇರ್ 4ರ ಕಾರುಗಳಿಗೇ ಬರತೊಡಗಿದವು. ಹಾರ್ಡ್‌ವೇರ್ 3ರವರು ಎರಡನೇ ಪಂಕ್ತಿಯ ಊಟಕ್ಕೆ ಕಾದವರ ಹಾಗಾದರು. 2025ರ ಜನವರಿಯಲ್ಲಿ ಹೂಡಿಕೆದಾರರ ಜೊತೆ ಮಾತಾಡುತ್ತಾ ಮಸ್ಕ್ ಒಪ್ಪಿಕೊಂಡರು. ಎಫ್‌ಎಸ್‌ಡಿ ಕೊಂಡ ಹಾರ್ಡ್‌ವೇರ್ 3 ಮಾಲೀಕರ ಕಂಪ್ಯೂಟರ್ ಬದಲಾಯಿಸಬೇಕಾಗುತ್ತದೆ, ಅದು ಕಷ್ಟದ ಕೆಲಸ, ಆದರೂ ಮಾಡುತ್ತೇವೆ ಅಂತ. ಜೊತೆಗೆ ಇನ್ನೊಂದು ಮಾತು. ಈ ಪ್ಯಾಕೇಜ್ ಜಾಸ್ತಿ ಜನ ಕೊಳ್ಳದೇ ಇದ್ದದ್ದು ಒಳ್ಳೆಯದೇ ಆಯಿತು ಎಂಬ ಅರ್ಥದ್ದು. ತಮಾಷೆಗೆ ಹೇಳಿದರೋ ಏನೋ. ಛತ್ರದಲ್ಲಿ ಮದುವೆಯ ಯಜಮಾನ, ಸದ್ಯ, ಜಾಸ್ತಿ ಜನ ಬರಲಿಲ್ಲ ಅಂದರೆ ಬಂದು ಕೂತವರಿಗೆ ಹೇಗಾಗಬೇಕು?

ಇಲ್ಲಿ ನನ್ನ ಸ್ವಂತ ಕಥೆ ಒಂದು. 2014ರಲ್ಲಿ ಇದೇ ಊರಿನಲ್ಲಿ ಫ್ಲಾಟ್ ಬುಕ್ ಮಾಡಿದೆ. ಬಿಲ್ಡರ್ ಹೆಸರು ಬೇಡ. ಹೊಳೆಯುವ ಬ್ರೋಷರ್, ಅದರಲ್ಲಿ ನೀಲಿ ಈಜುಕೊಳ, ಪಕ್ಕದಲ್ಲಿ ಕೊಡೆ ಕೆಳಗೆ ಜ್ಯೂಸ್ ಕುಡಿಯುವ ಹುಡುಗಿ. ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ‘ಕಲಾವಿದರ ಕಲ್ಪನೆ’. ಇವತ್ತು ಗುಂಡಿ ಇದೆ. ನೀಲಿ ಟೈಲ್ಸ್ ಇದೆ. ಇಳಿಯಲು ಏಣಿ ಇದೆ. ನೀರಿಲ್ಲ. ಕೇಳಿದರೆ, ಸಾರ್, ಕೊಳ ಕೊಟ್ಟಿದ್ದೀವಲ್ಲ, ನೀರು ಕಾರ್ಪೊರೇಷನ್ ಒಪ್ಪಿಗೆ ಮೇಲೆ ಅನ್ನುತ್ತಾರೆ. ಈಗ ನನ್ನ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್‌ವೇರ್ ರೆಡಿ ಇದೆ, ಸಾಫ್ಟ್‌ವೇರ್ ಬಾಕಿ!

ನನ್ನ ನಂತರ ಫ್ಲಾಟ್ ಕೊಂಡವರಿಗೆ ರೇರಾ ಕಾನೂನು ಬಂತು. ಅದೂ 2016ರದ್ದೇ, ಕಾಕತಾಳೀಯ ನೋಡಿ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತು ಭಾಗ ಬೇರೆ ಖಾತೆಯಲ್ಲಿ ಇಡಬೇಕು, ಆ ಕಟ್ಟಡದ ಕೆಲಸಕ್ಕೇ ಬಳಸಬೇಕು. ಮುಗಿಸುವ ದಿನಾಂಕ ಕೊಡಬೇಕು. ತಡವಾದರೆ ಬಡ್ಡಿ. ಹಣ ವಾಪಸ್ ಕೇಳುವ ಹಕ್ಕೂ ಉಂಟು. ಈ ಕಾನೂನು ಎಲ್ಲಾ ಕಡೆ ಸರಿಯಾಗಿ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ನಗುತ್ತೀರಿ. ಆದರೆ ಕಾಗದದಲ್ಲಿ ದಿನಾಂಕ ಎಂಬುದೊಂದಿದೆ. ಎಫ್‌ಎಸ್‌ಡಿ ಕೊಂಡವರ ಕಾಗದದಲ್ಲಿ ಅದೊಂದೇ ಇರಲಿಲ್ಲ. ದಿನಾಂಕ ಬರುತ್ತಿದ್ದದ್ದು ವೇದಿಕೆಯ ಮಾತಿನಲ್ಲಿ. ಮಾತಿಗೆ ರಸೀದಿ ಇಲ್ಲ.

ಅಲ್ಲಿನ ವ್ಯವಸ್ಥೆ ಪೂರ್ತಿ ಸುಮ್ಮನೆ ಕೂತಿಲ್ಲ. ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ, ನಮ್ಮ ಆರ್‌ಟಿಒ ಇದ್ದ ಹಾಗೆ, 2022ರಲ್ಲಿ ಈ ಹೆಸರುಗಳೇ ಜನರ ದಾರಿ ತಪ್ಪಿಸುತ್ತವೆ ಅಂತ ದೂರು ಹೂಡಿತು. 2025ರ ಡಿಸೆಂಬರ್‌ನಲ್ಲಿ, ಹೌದು, ಆ ಪ್ರಚಾರ ದಾರಿ ತಪ್ಪಿಸುವಂತಿತ್ತು ಎಂಬ ತೀರ್ಮಾನ ಹೊರಬಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರೊಬ್ಬರು ಕ್ಯಾಲಿಫೋರ್ನಿಯಾದ ಮಾಲೀಕರು ಗುಂಪಾಗಿ ಮೊಕದ್ದಮೆ ನಡೆಸಬಹುದು ಅಂದರು. 2023ರ ಫೆಬ್ರವರಿಯಲ್ಲಿ ಬೀಟಾ ಇದ್ದ 3,62,758 ಕಾರುಗಳನ್ನು ಸುರಕ್ಷತೆಯ ಕಾರಣಕ್ಕೆ ರೀಕಾಲ್ ಮಾಡಿದ್ದೂ ಉಂಟು. ರೀಕಾಲ್ ಅಂದರೆ ದೋಷ ಸರಿಮಾಡಲು ವಾಪಸ್ ಕರೆಸುವುದು, ಆದರೆ ಕಾರು ಗ್ಯಾರೇಜಿಗೆ ಹೋಗಲಿಲ್ಲ. ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಬಂತು, ಅಷ್ಟೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾನು ವೇಮೋ ಎಂಬ ಬೇರೆ ಕಂಪನಿಯ ಚಾಲಕರಿಲ್ಲದ ಟ್ಯಾಕ್ಸಿಯನ್ನೂ ಹತ್ತಿದೆ. ಚಾಲಕನ ಸೀಟು ಖಾಲಿ. ತಲೆ ಮೇಲೆ ಗಿರಗಿರ ತಿರುಗುವ, ಲೇಸರ್ ಬೆಳಕಿನಿಂದ ಸುತ್ತಲಿನ ದೂರ ಅಳೆಯುವ ಲೈಡಾರ್ ಯಂತ್ರ, ನಾಲ್ಕೂ ಕಡೆ ಸೆನ್ಸರ್. ನೋಡಲು ಅಷ್ಟೇನೂ ಚೆಂದ ಇಲ್ಲ. ಕ್ಯಾಮೆರಾ ಸಾಕು ಅನ್ನುವ ಟೆಸ್ಲಾ ದಾರಿ ಬೇರೆ, ಇವರ ದಾರಿ ಬೇರೆ. ಯಾವುದು ಸರಿ ಎಂಬ ಜಗಳಕ್ಕೆ ನನ್ನನ್ನು ಎಳೆಯಬೇಡಿ. ನನಗೆ ಕಂಡದ್ದು ವ್ಯಾಪಾರದ ವ್ಯತ್ಯಾಸ. ಹತ್ತಿದೆ, ಇಳಿದೆ, ದುಡ್ಡು ಕೊಟ್ಟೆ. ಅವರೂ ನನಗೆ ಬಾಕಿ ಇಲ್ಲ, ನಾನೂ ಅವರಿಗೆ ಬಾಕಿ ಇಲ್ಲ.

ತಿಂಗಳ ಚಂದಾದ ಗುಣವೂ ಅದೇ. 2021ರಲ್ಲಿ ತಿಂಗಳಿಗೆ 199 ಡಾಲರ್ ಇತ್ತು, 2024ರಲ್ಲಿ 99 ಆಯಿತು. ಲೆಕ್ಕ ಹಾಕಿ. 8,000 ಕೊಟ್ಟು ಕೊಳ್ಳುವ ಬದಲು 99 ಕಟ್ಟುತ್ತಾ ಹೋದರೆ, ಅಷ್ಟು ಹಣ ಆಗಲು ಆರು ವರ್ಷ ಒಂಬತ್ತು ತಿಂಗಳು ಬೇಕು. ಅಷ್ಟು ಹೊತ್ತಿಗೆ ಕಾರೇ ಬದಲಾಗಿರುತ್ತದೆ. ಇಷ್ಟ ಆಗದಿದ್ದರೆ ಮುಂದಿನ ತಿಂಗಳು ನಿಲ್ಲಿಸಬಹುದು. ಇಡಿಯಾಗಿ ಕೊಂಡಾಗ ಕಾಯುವುದು ಗ್ರಾಹಕ. ತಿಂಗಳ ಲೆಕ್ಕದಲ್ಲಿ, ಮುಂದಿನ ತಿಂಗಳೂ ಕಟ್ಟುತ್ತಾನಾ ಅಂತ ಕಾಯುವುದು ಕಂಪನಿ. ಅಳಿಯನ ಸ್ನೇಹಿತರಲ್ಲಿ ಜಾಣರು ದೂರದೂರಿಗೆ ಹೋಗುವ ತಿಂಗಳು ಮಾತ್ರ ಕಟ್ಟುತ್ತಿದ್ದರು. 2026ರ ಜನವರಿಯಲ್ಲಿ ಮಸ್ಕ್ ಪ್ರಕಟಿಸಿದರು, ಫೆಬ್ರವರಿ 14ರ ನಂತರ ಇಡಿಯಾಗಿ ಮಾರುವುದಿಲ್ಲ, ಚಂದಾ ಒಂದೇ ಅಂತ. ಹತ್ತು ವರ್ಷ ಹತ್ತಿರ ನಡೆದ ಅಂಗಡಿಯ ಒಂದು ಕಿಟಕಿ ಮುಚ್ಚಿತು. ಹಳೇ ಚೀಟಿ ಹಿಡಿದವರು ಇನ್ನೂ ಸಾಲಿನಲ್ಲಿದ್ದಾರೆ.

ನಮ್ಮ ಕಡೆಗೂ ಒಂದು ಕಣ್ಣು ಹಾಯಿಸಿ ಮುಗಿಸುತ್ತೇನೆ. ಟೆಸ್ಲಾದ ಭಾರತದ ಕಂಪನಿ ನೋಂದಣಿ ಆದದ್ದು ನಮ್ಮ ಬೆಂಗಳೂರಿನಲ್ಲಿ, 2021ರ ಜನವರಿ. ಆಗ ಎಷ್ಟು ಸಂಭ್ರಮ ಇತ್ತು ನೆನಪಿದೆಯಾ? ಮಳಿಗೆ ತೆರೆದದ್ದು ಮುಂಬೈನಲ್ಲಿ, 2025ರ ಜುಲೈ 15ಕ್ಕೆ. ಮಾಡೆಲ್ ವೈ ಕಾರಿಗೆ ಆಗ 59.89 ಲಕ್ಷದಿಂದ ಶುರು. ಅದರ ಪಕ್ಕದಲ್ಲಿ ಎಫ್‌ಎಸ್‌ಡಿ, 6 ಲಕ್ಷ ರೂಪಾಯಿ. ಆಗ ಇಲ್ಲಿ ಓಡದ ಎಫ್‌ಎಸ್‌ಡಿ! ಚಾಲಕರಿಲ್ಲದ ಕಾರನ್ನು ದೇಶದೊಳಗೆ ಬಿಡುವುದಿಲ್ಲ, ಚಾಲಕರ ಕೆಲಸ ಹೋಗುತ್ತದೆ ಅಂತ ನಿತಿನ್ ಗಡ್ಕರಿಯವರು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. 2016ರಲ್ಲೇ ಸಾವಿರ ಡಾಲರ್ ಕಟ್ಟಿ ಮಾಡೆಲ್ 3 ಬುಕ್ ಮಾಡಿದ ಭಾರತೀಯರಿದ್ದರು. ಅವರಿಗೆ ದುಡ್ಡು ವಾಪಸ್ ಬರತೊಡಗಿದ್ದು 2025ರಲ್ಲಿ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳು ಬಂದವು.

ಹಿಂದಿನ ಸಾಲಿನ ಒಬ್ಬ ಹುಡುಗ, ನಮ್ಮ ದೇಶದ ಸ್ಕೂಟರ್‌ಗಳೂ ಹೀಗೇ ಅಲ್ವಾ ಸಾರ್ ಅಂತ ಕೇಳಿದ. ಹೌದು. ಓಲಾ ಎಸ್1 ಪ್ರೊ 2021ರ ಡಿಸೆಂಬರ್‌ನಲ್ಲಿ ಮೊದಲ ಗ್ರಾಹಕರ ಕೈಗೆ ಬಂದಾಗ, ಹೇಳಿದ್ದ ಕ್ರೂಸ್ ಕಂಟ್ರೋಲ್ (ಒಂದೇ ವೇಗ ಹಿಡಿದಿಡುವುದು), ಹಿಲ್ ಹೋಲ್ಡ್ (ಏರಿನಲ್ಲಿ ಹಿಂದಕ್ಕೆ ಜಾರದಂತೆ ತಡೆಯುವುದು) ಇರಲಿಲ್ಲ. ಮುಂದಿನ ವರ್ಷ ಅಪ್‌ಡೇಟ್‌ನಲ್ಲಿ ಒಂದೊಂದಾಗಿ ಬಂದವು. ಬಂದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಿಂಗಳುಗಳ ಬಾಕಿ ಬೇರೆ, ವರ್ಷಗಳ ಬಾಕಿ ಬೇರೆ.

ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯರು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು.

“ಸ್ವಾಮಿ, ಆ ಕಾರು ಗುದ್ದಿದ್ರೆ ಲೈಸೆನ್ಸ್ ಯಾರದ್ದು ಹೋಗುತ್ತೆ?”

“ಸೀಟಿನಲ್ಲಿ ಕೂತವರದ್ದು.”

“ಹಂಗಾದ್ರೆ ಡ್ರೈವರ್ ಅವನೇ. ಅವನಿಗೆ ಸಂಬಳ ಕೊಡೋದು ಬಿಟ್ಟು ಅವನ ಹತ್ರಾನೇ ಇಸ್ಕೊಳ್ತಾರಲ್ಲ!”

ಸಭೆ ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಕಾಫಿ ಬಂತು.

ಲೋಟ ಹಿಡಿದು ನಿಂತಿದ್ದಾಗ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಹತ್ತಿರ ಬಂದರು. “ಈಜುಕೊಳದ ವಿಷಯ ಚೆನ್ನಾಗಿ ಹೇಳಿದ್ರಿ ಸಾರ್. ಬಿಲ್ಡರ್ ಜೊತೆ ಮೀಟಿಂಗ್ ಇತ್ತಲ್ಲ, ಇವತ್ತು ಸಂಜೆ, ಅದು ಮುಂದಿನ ಭಾನುವಾರಕ್ಕೆ ಹೋಗಿದೆಯಂತೆ.”